ಸ್ಕ್ರಮ್‌ನೊಳಗಿನ ಗೂಳಿ

ರಗ್ಬಿಯಲ್ಲಿ ಹೆಸರೆಲ್ಲ ಚೆಂಡು ಹಿಡಿದು ಓಡುವವರ ಪಾಲು. 1905ರ ಡಿಸೆಂಬರ್ 16ರಂದು ಕಾರ್ಡಿಫ್ ಆರ್ಮ್ಸ್ ಪಾರ್ಕಿನಲ್ಲಿ ವೇಲ್ಸ್ ತಂಡ ನ್ಯೂಜಿಲೆಂಡನ್ನು 3-0ಯಿಂದ ಮಣಿಸಿದ ಕಥೆ ಹೇಳುವವರೆಲ್ಲ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೂರಿ ಟ್ರೈ ಗಳಿಸಿದ ಟೆಡ್ಡಿ ಮಾರ್ಗನ್‌ನನ್ನೇ ಕೊಂಡಾಡುತ್ತಾರೆ. ನನ್ನ ಮೆಚ್ಚುಗೆ ಮಾತ್ರ ಅಂದಿನ ಫಾರ್ವರ್ಡ್ ಡೈ ಜೋನ್ಸ್‌ಗೆ. ಕಲ್ಲಿದ್ದಲ ಕಣಿವೆಗಳ ಮನುಷ್ಯ. ಪೊಲೀಸನಾಗಿದ್ದ, ಗಣಿಯಲ್ಲೂ ದುಡಿದ. ಜನ ಇಟ್ಟ ಅಡ್ಡಹೆಸರು ‘ಟಾರು’, ವೆಲ್ಷ್ ಭಾಷೆಯಲ್ಲಿ ಗೂಳಿ ಎಂದರ್ಥ. 1902ರಿಂದ 1906ರವರೆಗೆ ವೇಲ್ಸ್ ಪರ 13 ಪಂದ್ಯ ಆಡಿದ.

ಪ್ರವಾಸಕ್ಕೆ ಬಂದಿದ್ದ ನ್ಯೂಜಿಲೆಂಡ್ ಆಡಿದ 35 ಪಂದ್ಯಗಳಲ್ಲಿ ಸೋತದ್ದು ಆ ಕಾರ್ಡಿಫ್ ಪಂದ್ಯವೊಂದನ್ನೇ. ಅವರ ಬಲವೆಲ್ಲ ಸ್ಕ್ರಮ್‌ನಲ್ಲಿತ್ತು, ಅಂದರೆ ಎರಡೂ ತಂಡಗಳ ಫಾರ್ವರ್ಡ್‌ಗಳು ತಲೆ ತಗ್ಗಿಸಿ ಹೆಣೆದುಕೊಂಡು ಚೆಂಡಿಗಾಗಿ ಪರಸ್ಪರ ತಳ್ಳುವ ಗುಂಪಿನಲ್ಲಿ. ಎಲ್ಲರೂ ಎಂಟು ಮಂದಿಯನ್ನು ಒಳಗೆ ತೊಡಗಿಸಿದರೆ ಅವರು ಏಳೇ ಜನರನ್ನು ಎರಡು, ಮೂರು, ಎರಡರ ಸಾಲಿನಲ್ಲಿ ಬೆಣೆಯಂತೆ ನಿಲ್ಲಿಸಿ, ಉಳಿದವನನ್ನು ಹೊರಗೆ ಬಿಡುತ್ತಿದ್ದರು. ವೇಲ್ಸ್ ಕೂಡ ಅಂದು ಏಳೇ ಮಂದಿಯನ್ನು ಇಳಿಸಿ, ಕ್ಲಿಫ್ ಪ್ರಿಚರ್ಡ್‌ನನ್ನು ಹೊರಗಿಟ್ಟಿತು. ಎದುರಾಳಿಗಳ ಮುಂದಿನ ಇಬ್ಬರು ತಲೆಯಿಟ್ಟ ಮೇಲಷ್ಟೇ ತನ್ನವನೊಬ್ಬನನ್ನು ಹೊರಬದಿಗೆ ಸೇರಿಸುವುದು ಅದರ ತಂತ್ರ. ಚೆಂಡು ಒಳಬರುವ ಕಡೆ ಯಾರ ತಲೆ ಇರುತ್ತದೋ ಅವರಿಗೇ ಅನುಕೂಲ ತಾನೆ? ಗೆಲುವಿನ ಟ್ರೈ ಶುರುವಾದದ್ದೂ ಒಂದು ಸ್ಕ್ರಮ್‌ನಿಂದಲೇ. ವೇಲ್ಸ್‌ನ ಡಿಕಿ ಓವನ್ ಬಲಕ್ಕೆ ಹೋಗುವವನಂತೆ ನಟಿಸಿ ಎಡಕ್ಕೆ ಚೆಂಡೆಸೆದ. ಪ್ರಿಚರ್ಡ್ ಮತ್ತು ಸಹ ಆಟಗಾರ ಗೇಬ್ ಮೂಲಕ ಅದು ಮಾರ್ಗನ್ ಕೈ ಸೇರಿತು. ಜೋನ್ಸ್ ಸೇರಿ ಏಳು ಜನ ಬೆನ್ನು ಬಾಗಿಸಿ ತಡೆದು ನಿಲ್ಲದಿದ್ದರೆ ಓವನ್‌ಗೆ ಆ ಬಿಡುವು ಎಲ್ಲಿ ಸಿಗುತ್ತಿತ್ತು?

ಇಂಥ ಜೋನ್ಸ್‌ನನ್ನೇ ವೇಲ್ಸ್ ರಗ್ಬಿ ಹೊರದಬ್ಬಿತು. ಆಟಕ್ಕೆ ಹಣ ಮುಟ್ಟುವುದು ಆಗ ಮಹಾಪರಾಧ. 1907ರಲ್ಲಿ ಅವನು ಆಡುತ್ತಿದ್ದ ಅಬರ್‌ಡೇರ್ ಕ್ಲಬ್ಬಿನ ಹಣದ ವ್ಯವಹಾರದ ತನಿಖೆ ನಡೆದು, ಜೋನ್ಸ್‌ಗೆ ಕಾಯಂ ನಿಷೇಧ ಬಿತ್ತು. ಹತ್ತು ವರ್ಷ ಹಿಂದೆ, 1897ರಲ್ಲಿ, ನ್ಯೂಪೋರ್ಟಿನ ತಾರೆ ಆರ್ಥರ್ ಗೌಲ್ಡ್‌ಗೆ ಚಂದಾ ಎತ್ತಿ ಮನೆಯನ್ನೇ ಉಡುಗೊರೆ ಕೊಟ್ಟಿದ್ದರು. ಮಿಕ್ಕ ದೇಶಗಳು ಮುನಿದರೂ ವೇಲ್ಸ್ ತನ್ನ ಗೌಲ್ಡ್‌ನನ್ನು ಬಿಟ್ಟುಕೊಡಲಿಲ್ಲ. ಗೌಲ್ಡ್‌ಗೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ದುಡಿದು ತಿನ್ನುವ ಫಾರ್ವರ್ಡ್‌ಗೊಂದು ನ್ಯಾಯ, ಜನ ಮೆಚ್ಚಿದ ಬ್ಯಾಕ್ ಆಟಗಾರನಿಗೊಂದು ನ್ಯಾಯ ಎಂದಾದದ್ದನ್ನು ನಾನು ಒಪ್ಪಲಾರೆ.

ಜೋನ್ಸ್ ಅದೇ ವರ್ಷ ಮರ್ಥರ್ ಟಿಡ್‌ಫಿಲ್‌ನ ಹೊಸ ನಾರ್ದರ್ನ್ ಯೂನಿಯನ್ ತಂಡ ಸೇರಿದ. ಹಣ ಪಡೆದು ಆಡುವುದಕ್ಕೆ ಅಲ್ಲಿ ಅಡ್ಡಿಯಿರಲಿಲ್ಲ; ಮುಂದೆ ರಗ್ಬಿ ಲೀಗ್ ಎನಿಸಿಕೊಂಡ ಆಟ ಅದು. 1908ರ ಜನವರಿ 1ರಂದು, ಅದೇ ಅಬರ್‌ಡೇರ್‌ನಲ್ಲಿ, ಈ ಬಗೆಯ ರಗ್ಬಿಯಲ್ಲಿ ವೇಲ್ಸ್ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವಾಡಿತು. ಎದುರಾಳಿ ಮತ್ತೆ ನ್ಯೂಜಿಲೆಂಡ್. ವೇಲ್ಸ್ 9-8ರಿಂದ ಗೆದ್ದಿತು. ಗೆಲುವಿನ ಟ್ರೈ ಗಳಿಸಿದ್ದು ಈ ಗೂಳಿಯೇ. ಎರಡೂ ಬಗೆಯ ರಗ್ಬಿಯಲ್ಲಿ ನ್ಯೂಜಿಲೆಂಡನ್ನು ಸೋಲಿಸಿದ ಮೊದಲಿಗ ಆತ. ಮಾರ್ಗನ್‌ನ ಟ್ರೈಗೆ ಸಿಕ್ಕ ಕೀರ್ತಿಯಲ್ಲಿ ಅರ್ಧದಷ್ಟಾದರೂ ಈ ಟ್ರೈಗೆ ಸಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.