ಲಯಯಂತ್ರವೂ ಗುಬ್ಬಿಯ ರಂಗಸಂಗೀತವೂ

ಜನಪ್ರಿಯ ಸಂಗೀತದ ನಾದಸ್ವರೂಪವನ್ನು ಬದಲಿಸಿದ ಉಪಕರಣಗಳಲ್ಲಿ ಲಯಯಂತ್ರವು, ಎಂದರೆ ಡ್ರಮ್ ಮೆಷೀನು, ಮುಖ್ಯವಾದುದು. 1980ರಲ್ಲಿ ಅಂತಹ ಎರಡು ಯಂತ್ರಗಳು ಹೊರಬಂದವು. ಅಮೆರಿಕದ ರೋಜರ್ ಲಿನ್ ಅವರ ಎಲ್‌ಎಂ-1 ನಿಜವಾದ ಡ್ರಮ್ಮುಗಳ ಮುದ್ರಿತ ಧ್ವನಿಯನ್ನೇ ನುಡಿಸಿತು. ಜಪಾನಿನ ರೋಲೆಂಡ್ ಸಂಸ್ಥೆಯ ಟಿಆರ್-808 ವಿದ್ಯುನ್ಮಂಡಲದಿಂದ ಧ್ವನಿಯನ್ನು ಹುಟ್ಟಿಸಿತು. ಎರಡನೆಯದರ ಧ್ವನಿ ಡ್ರಮ್ಮನ್ನು ಹೋಲುತ್ತಿರಲಿಲ್ಲ. 1983ರಲ್ಲಿ ಅದರ ತಯಾರಿಕೆಯೂ ನಿಂತಿತು. ಆದರೆ ಅದರ ಆ ಮಂದ್ರಘೋಷವೇ ಮುಂದೆ ಹಿಪ್‌ಹಾಪ್ ಸಂಗೀತಕ್ಕೆ ತಳಹದಿಯಾಯಿತು. ಆದುದರಿಂದ ಯಂತ್ರದ ಧ್ವನಿ ಕೃತಕವೆಂಬ ಆಕ್ಷೇಪಕ್ಕೆ ಹೆಚ್ಚು ಬೆಲೆಯಿಲ್ಲ.

ವಿಚಾರಿಸಬೇಕಾದದ್ದು ಲಯದ ಒಡೆತನ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನಾದ್ಯಂತ ಹೆಸರಾಯಿತು. ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ಶ್ರುತಿಯನ್ನು ಸ್ಥಿರಗೊಳಿಸಿತು. ಲಯವು ಮಾತ್ರ ನಟನ ವಶದಲ್ಲಿಯೇ ಉಳಿಯಿತು. ನಟನು ಒಂದು ನುಡಿಯನ್ನು ಎಳೆದರೆ, 'ಒನ್ಸ್ ಮೋರ್' ಕೂಗಿಗೆ ಹಾಡು ಮರಳಿದರೆ, ತಬಲಾದವನು ಕಾಯುತ್ತಿದ್ದನು.

ಇಂದು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಉತ್ಸವಗಳ ಆರ್ಕೆಸ್ಟ್ರಾಗಳಲ್ಲಿ ರಿದಂ ಪ್ಯಾಡ್ ಬಳಕೆಯಲ್ಲಿದೆ. ಅದನ್ನು ಕೈಯಿಂದ ಬಾರಿಸುವವರೆಗೆ ಈ ಕಾಯುವ ಗುಣ ಉಳಿದಿರುತ್ತದೆ. ಮೊದಲೇ ಹೆಣೆದಿಟ್ಟ ತಾಳಾವರ್ತವನ್ನು ಹರಿಯಬಿಟ್ಟೊಡನೆ ಗಾಯಕನೇ ಯಂತ್ರವನ್ನು ಹಿಂಬಾಲಿಸಬೇಕಾಗುತ್ತದೆ. ಕುಣಿತದ ಹಾಡಿಗೆ ಅಂತಹ ಅಚಲಗತಿ ಭೂಷಣ. ಭಾವಕ್ಕೆ ತಕ್ಕಂತೆ ನಿಂತು ಸಾಗಬೇಕಾದ ರಂಗಗೀತೆಗೆ ಬಂಧನ. ಹಳೆಯ ರಂಗಗೀತೆಗಳನ್ನು ಮರಳಿ ಹಾಡಿಸುವವರು ಈ ಭೇದವನ್ನು ಗಮನಿಸದಿದ್ದರೆ ಧಾಟಿ ಉಳಿದರೂ ಅಭಿನಯಕ್ಕೆ ಎಡೆ ಉಳಿಯದೆಂದು ನಮ್ಮ ಅಭಿಪ್ರಾಯ.