ಲಕೋಟೆಯೊಳಗಿನ ಸಂಪಾದಕೀಯ

ಒಡೆಯರಪಾಳ್ಯದಲ್ಲಿ ಬಸ್ಸಿಗಾಗಿ ಅರ್ಧ ಗಂಟೆ ಕಾದರೆ ಕನ್ನಡ, ತಮಿಳು, ಟಿಬೆಟನ್ ಮೂರೂ ಕಿವಿಗೆ ಬೀಳುತ್ತವೆ. ಈ ಊರಿರುವ ಕೊಳ್ಳೇಗಾಲ ಸೀಮೆ 1956ರ ನವೆಂಬರ್‌ವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ತಮಿಳು ಕವಿ ಸುಬ್ರಹ್ಮಣ್ಯ ಭಾರತಿ ನಮಗೆ ತೀರ ಹೊರಗಿನವರಲ್ಲ. ಅವರ ಪತ್ರಿಕೆಯನ್ನು ತಡೆದ ಸರ್ಕಾರವೇ ನಮ್ಮ ಮುತ್ತಜ್ಜಂದಿರಿಂದ ಕಂದಾಯ ಎತ್ತುತ್ತಿತ್ತು.

ಪತ್ರಕರ್ತನೂ ಕವಿಯೂ ಆದವರು ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಡಿ.ವಿ.ಜಿ. ಅವರು ಭಾರತಿಗಿಂತ ನಾಲ್ಕು ವರ್ಷ ಕಿರಿಯರು. 1913ರಲ್ಲಿ ‘ಕರ್ಣಾಟಕ’ ಪತ್ರಿಕೆ ತೆಗೆದರು, 1975ರವರೆಗೆ ಬದುಕಿದರು, ಕಂಡವರನ್ನೆಲ್ಲ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಬಿಡುವಾಗಿ ಕೂರಿಸಿದರು. ಭಾರತಿಗೆ ಆ ಬಿಡುವು ಸಿಗಲಿಲ್ಲ. 1882ರಲ್ಲಿ ಎಟ್ಟಯಪುರದಲ್ಲಿ ಹುಟ್ಟಿ 1921ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೊಂಬತ್ತೂ ತುಂಬಿರಲಿಲ್ಲ. ಪದ್ಯದಲ್ಲಿ ಬರೆದ ಚಿಕ್ಕ ಆತ್ಮಕಥೆಯನ್ನು ಬಿಟ್ಟರೆ, ಅವರನ್ನು ಹತ್ತಿರದಿಂದ ನೋಡಲು ನಮಗಿರುವುದು ಉಳಿದುಬಂದ ಬೆರಳೆಣಿಕೆಯ ಕಾಗದಗಳು. ಅವನ್ನು ತಮಿಳರು ಪೂಜೆಗಿಟ್ಟ ಹಾಗೆ ಓದುತ್ತಾರೆ. ಕಾಗದವನ್ನು ಕಾಗದವಾಗಿ ಓದಿದರೆ ಬೇರೆ ಏನೋ ಕಾಣುತ್ತದೆ: ಲಕೋಟೆ ಅಂಟಿಸಿದ್ದರೂ ಒಳಗಿರುವುದು ಬಹುಪಾಲು ಸಂಪಾದಕೀಯ.

ಮೊದಲು, 1901ರಲ್ಲಿ ಕಾಶಿಯಿಂದ ಹೆಂಡತಿ ಚೆಲ್ಲಮ್ಮನಿಗೆ ಬರೆದದ್ದು. ಗಂಡ ಏನೋ ಅಪಾಯದ ದಾರಿ ಹಿಡಿದಿದ್ದಾನೆಂದು ಯಾರೋ ಆಕೆಯ ಕಿವಿಗೆ ಹಾಕಿದ್ದರು. ಹೆದರಿ ಬರೆದ ಕಾಗದಕ್ಕೆ ಉತ್ತರವಾಗಿ ಭಾರತಿ, ನಾನು ತಪ್ಪುದಾರಿ ತುಳಿದಿಲ್ಲ, ಹೀಗೆ ಚಿಂತೆ ಮಾಡುವ ಹೊತ್ತಿನಲ್ಲಿ ತಮಿಳನ್ನು ಚೆನ್ನಾಗಿ ಕಲಿತರೆ ನನಗೆ ಸಂತೋಷ ಎನ್ನುತ್ತಾರೆ. ಈ ಮಾತನ್ನು ಸ್ತ್ರೀಶಿಕ್ಷಣದ ಕಾಳಜಿ ಎಂದು ಹೊಗಳುವುದು ವಾಡಿಕೆ. ಕಾಳಜಿ ನಿಜವೇ. ಆದರೆ ಓದುವವಳು ಹನ್ನೊಂದರ ಆಸುಪಾಸಿನ ಹುಡುಗಿ, ಬರೆದವನು ಹತ್ತೊಂಬತ್ತು ತುಂಬದ ಹುಡುಗ. ಆಕೆಯ ಭಯಕ್ಕೆ ಸಿಕ್ಕ ಸಮಾಧಾನ ಒಂದು ಸಾಲು, ಜೊತೆಗೆ ಒಂದು ಪಾಠ. ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಸಂಪಾದಕ ಹುಟ್ಟಿಬಿಟ್ಟಿದ್ದ.

1904ರಲ್ಲಿ ಜಿ. ಸುಬ್ರಹ್ಮಣ್ಯ ಅಯ್ಯರ್ ಅವರ ‘ಸ್ವದೇಶಮಿತ್ರನ್’ ಸೇರಿದ ಮೇಲೆ ಆ ದನಿ ಗಟ್ಟಿಯಾಯಿತು. ನಂತರ ‘ಇಂಡಿಯಾ’ ವಾರಪತ್ರಿಕೆಯ ಮೇಲೆ ಸರ್ಕಾರದ ಕಣ್ಣು ಬಿದ್ದು 1908ರಲ್ಲಿ ಪುದುಚೇರಿಗೆ ತಪ್ಪಿಸಿಕೊಂಡರು. ಹತ್ತು ವರ್ಷದ ಆ ಪುದುಚೇರಿ ವಾಸದಲ್ಲಿ ಬ್ರಿಟಿಷ್ ಗೂಢಚಾರರು ಬೀದಿಯ ತುದಿಯಲ್ಲೇ ಇದ್ದರು. ಅಂಚೆಗೆ ಹಾಕಿದ್ದನ್ನು ಮೂರನೆಯವನು ಒಡೆದು ಓದಬಹುದೆಂದು ಗೊತ್ತಿದ್ದವನು ಮನೆಯ ಗುಟ್ಟು ಬರೆಯುವುದು ಹೇಗೆ? ಈ ಕಾಗದಗಳ ಬಿಗುವಿಗೆ ಸ್ವಭಾವದಷ್ಟೇ ಆ ಕಾವಲೂ ಕಾರಣ. ವಿಮರ್ಶಕರು ಇದನ್ನು ಮರೆಯಬಾರದು.

ಇಷ್ಟರ ನಡುವೆಯೂ 1915ರ ಜುಲೈನಲ್ಲಿ ಕಿರಿಯ ಗೆಳೆಯ ಪರಲಿ ಸು. ನೆಲ್ಲೈಯಪ್ಪರಿಗೆ ಬರೆದ ಕಾಗದ ಎಲ್ಲಕ್ಕಿಂತ ಮೇಲು. ಬೋಧನೆ ಅದರಲ್ಲೂ ಇದೆ: ತಮಿಳು ಬೆಳೆಯಲಿ, ಹಳ್ಳಿಹಳ್ಳಿಗೆ ವಿದ್ಯೆ ಹೋಗಲಿ, ಹೆಣ್ಣು ಗಂಡು ಸಮ ಎಂದು ಸಾರು. ಆದರೆ ಸಾಲುಸಾಲಿಗೂ ಬರುವ ‘ತಂಬಿ’ ಎಂಬ ಕರೆ ಆ ಬೋಧನೆಯನ್ನು ಮೆತ್ತಗೆ ಮಾಡುತ್ತದೆ. ನಮ್ಮ ಕಡೆ ಜಗಲಿಯ ಮೇಲೆ ಹೆಗಲಿಗೆ ಕೈಯಿಟ್ಟು ‘ಕೇಳ್ ತಮ್ಮಾ’ ಅಂದ ಹಾಗೆ. ಸಂಪಾದಕ ಹೇಳಬೇಕಾದ್ದನ್ನು ಇಲ್ಲಿ ಅಣ್ಣ ಹೇಳುತ್ತಿದ್ದಾನೆ. ಆ ತಮ್ಮ ಕೇಳಿಸಿಕೊಂಡ ಕೂಡ. ಮುಂದೆ ಭಾರತಿಯ ಹಾಡುಗಳನ್ನು ಅಚ್ಚು ಹಾಕಿಸಿ ಹಂಚಿದವರಲ್ಲಿ ನೆಲ್ಲೈಯಪ್ಪರ್ ಮುಖ್ಯರು.

1918ರ ಆಗಸ್ಟ್‌ನಲ್ಲಿ ಮಲತಮ್ಮ ವಿಶ್ವನಾಥನ್‌ಗೆ ಬರೆದದ್ದು ಇದಕ್ಕೆ ತದ್ವಿರುದ್ಧ. ಅವನು ಇಂಗ್ಲಿಷಿನಲ್ಲಿ ಬರೆದಿದ್ದ. ಇನ್ನು ಮೇಲೆ ತಮಿಳಿನಲ್ಲೇ ಬರೆ, ತಮಿಳು ಒರಟಾದರೂ ಅಡ್ಡಿಯಿಲ್ಲ, ಅದೂ ಆಗದಿದ್ದರೆ ಸಂಸ್ಕೃತದಲ್ಲಿ ಬರೆ ಎಂದು ಭಾರತಿ ಕಟ್ಟಪ್ಪಣೆ ಮಾಡುತ್ತಾರೆ. ಅದೇ ಪುದುಚೇರಿಯಿಂದ ‘ದಿ ಹಿಂದೂ’ ಪತ್ರಿಕೆಗೆ ಪೊಲೀಸರ ಕಾಟದ ಬಗ್ಗೆ ಅವರೇ ಇಂಗ್ಲಿಷಿನಲ್ಲಿ ಬರೆದಿದ್ದರಲ್ಲ ಎಂದು ಕೊಂಕು ತೆಗೆಯಬಹುದು. ನನಗೆ ಅದು ದ್ವಂದ್ವವಾಗಿ ಕಾಣುವುದಿಲ್ಲ. ಆಳುವವನ ಜೊತೆ ಜಗಳ ಅವನ ಭಾಷೆಯಲ್ಲಿ, ಮನೆಯ ಮಾತು ಮನೆಯ ಭಾಷೆಯಲ್ಲಿ. ತಕರಾರು ಇರುವುದು ಬೇರೆ ಕಡೆ: ಮನೆಯ ಭಾಷೆಯ ಬಗ್ಗೆ ಅಷ್ಟು ಹಟ ಹಿಡಿದವರು ಮನೆಯ ಸಂಗತಿಯನ್ನು ಅಷ್ಟು ಕಡಿಮೆ ಬರೆದರು.

ಈ ಬಿಗುವು ಪೂರ್ತಿ ಕಳಚುವುದು ದುಡ್ಡಿನ ಮಾತು ಬಂದಾಗ. ಹದಿಹರೆಯದಲ್ಲಿ ಓದಿಗೆ ನೆರವು ಕೇಳಿ ಎಟ್ಟಯಪುರದ ಜಮೀನ್ದಾರರಿಗೆ ಪದ್ಯದಲ್ಲಿ ಬರೆದಿದ್ದರು. 1919ರಲ್ಲಿ ಮತ್ತೆ ಅದೇ ಅರಮನೆಗೆ ಪದ್ಯದ ಓಲೆ ಹೋಯಿತು. ಕವಿಯ ಗತ್ತು ತಗ್ಗದ ಅರ್ಜಿ ಅದು. ಅರಮನೆಯ ಕೈ ಮಾತ್ರ ಬಿಚ್ಚಲಿಲ್ಲ. ಮರುವರ್ಷ ಕಡಯಂನಿಂದ ಗೆಳೆಯರಿಗೆಲ್ಲ ಒಂದು ಸುತ್ತೋಲೆ ಕಳಿಸಿದರು. ತಮ್ಮ ಬರಹವನ್ನು 40 ಪುಸ್ತಕ ಮಾಡಿ ಒಂದೊಂದನ್ನೂ 10,000 ಪ್ರತಿ ಅಚ್ಚು ಹಾಕಿಸುವುದು, ಅದಕ್ಕೆ ಗೆಳೆಯರು ಸಾಲ ಕೊಡುವುದು, ಸೀಮೆಎಣ್ಣೆ ಬೆಂಕಿಪೊಟ್ಟಣಕ್ಕಿಂತ ಸಲೀಸಾಗಿ ಅವು ಮಾರಾಟವಾಗುವುದು. ಒಟ್ಟು ನಾಲ್ಕು ಲಕ್ಷ ಪ್ರತಿ! ಬಡಾಯಿ ಎಂದು ನಗು ಬರುತ್ತದೆ, ಮರುಗಳಿಗೆ ಗಂಟಲು ಕಟ್ಟುತ್ತದೆ. ಲೆಕ್ಕ ಹಾಕಿದವನು ಮುಂದಿನ ವರ್ಷ ಇರಲಿಲ್ಲ. ಅವರ ಮನಸ್ಸು ತೆರೆದು ಕಾಣುವುದು ಈ ವ್ಯಾಪಾರದ ಪತ್ರದಲ್ಲೇ.

ಅಷ್ಟಾದರೂ ಒಲೆಯ ಮುಂದಿನ ಕಥೆ ಈ ಕಾಗದಗಳಲ್ಲಿ ಸಿಕ್ಕುವುದಿಲ್ಲ. ಅಡುಗೆಗೆಂದು ತಂದಿಟ್ಟ ಅಕ್ಕಿಯನ್ನು ಗುಬ್ಬಚ್ಚಿಗಳಿಗೆ ಎರಚಿದ ಪ್ರಸಂಗ ಲೋಕಕ್ಕೆ ತಿಳಿದದ್ದು ಮನೆಯವರ ನೆನಪಿನಿಂದ. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ನಮ್ಮ ಗಾದೆ ಭಾರತಿಯ ಮಟ್ಟಿಗೆ ಕಟುವಾದೀತು. ಆದರೆ ಅದು ಸುಳ್ಳೆನ್ನಲು ಬೇಕಾದ ಸಾಕ್ಷಿ ಚೆಲ್ಲಮ್ಮನ ಬಳಿ ಇತ್ತು, ಗಂಡನ ಕಾಗದಗಳಲ್ಲಿ ಅಲ್ಲ. ಆಕೆ ಹೇಳಿ ಮಗಳು ತಂಗಮ್ಮ ಬರೆದುಕೊಂಡ ಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗಲೇ ಈ ಪತ್ರಗಳು ಪೂರ್ಣವಾಗುತ್ತವೆ. ಇಬ್ಬರದನ್ನೂ ಒಂದೇ ರಟ್ಟಿನೊಳಗೆ ಕಟ್ಟುವುದು ಸಂಪಾದಕರ ಧರ್ಮ.

ಕವಿಯಾಗಿ ಭಾರತಿ ದೊಡ್ಡವರು, ಪತ್ರಕರ್ತರಾಗಿ ಧೀರರು, ಕಾಗದ ಬರೆಯುವವರಾಗಿ ಅರ್ಧ ಮಾತ್ರ ದಕ್ಕುವವರು ಎಂಬುದು ನನ್ನ ತೀರ್ಮಾನ. ಮದ್ರಾಸ್ ಸರ್ಕಾರ 1949ರಲ್ಲಿ ಅವರ ಕೃತಿಗಳ ಹಕ್ಕು ಕೊಂಡು 1955ರಲ್ಲಿ ಅದನ್ನು ಜನರಿಗೆ ಬಿಟ್ಟುಕೊಟ್ಟಿತು. ಆಗ ಕೊಳ್ಳೇಗಾಲದವರೂ ಮದ್ರಾಸಿನ ಪ್ರಜೆಗಳೇ. ಆ ಉಂಬಳಿಯಲ್ಲಿ ನಮಗೂ ಪಾಲುಂಟು. ಎರಡು ಭಾಷೆಯಲ್ಲಿ ಬೈದು ಎರಡು ಭಾಷೆಯಲ್ಲಿ ಲಾಲಿ ಹಾಡುವ ಈ ಗಡಿಯ ಓದುಗರು ಚೆಲ್ಲಮ್ಮನಿಗೆ, ನೆಲ್ಲೈಯಪ್ಪರಿಗೆ, ವಿಶ್ವನಾಥನ್‌ಗೆ ಬರೆದ ಆ ಮೂರು ಕಾಗದಗಳನ್ನಾದರೂ ನಮ್ಮ ಸೀಮೆಯ ಕನ್ನಡಕ್ಕೆ ತರಲಿ. ‘ತಂಬಿ’ಯನ್ನು ‘ಪ್ರಿಯ ಸಹೋದರ’ ಎಂದು ಮಾತ್ರ ಮಾಡದಿರಲಿ.