ಹಲ್ಲುನೋವಿನ ಮನೆಮದ್ದು: ನೋವು ನಿಂತರೆ ರೋಗ ಹೋಯಿತೇ?

ಹಲ್ಲುನೋವು ರಾತ್ರಿ ಹಾಸಿಗೆ ಸೇರಿದ ಮೇಲೆಯೇ ಹೆಚ್ಚುವುದೇಕೆ? ಹಲ್ಲಿನೊಳಗೆ ರಕ್ತನಾಳ, ನರಗಳಿರುವ ಮೃದುವಾದ ದಂತಮಜ್ಜೆ ಇದೆ. ಅದರ ಸುತ್ತ ಡೆಂಟೀನ್‌ನ ಗಟ್ಟಿ ಗೋಡೆ. ಕಾಲು ಉಳುಕಿದರೆ ಚರ್ಮ ಹಿಗ್ಗಿ ಬಾವಿಗೆ ಜಾಗ ಕೊಡುತ್ತದೆ. ಹಲ್ಲಿನೊಳಗೆ ಆ ಅನುಕೂಲವಿಲ್ಲ. ಉರಿಯೂತದಿಂದ ದ್ರವ ಸೇರಿದರೆ ಒಳಗಿನ ಒತ್ತಡ ಏರಿ ನರವನ್ನು ಕೆರಳಿಸುತ್ತದೆ. ಮಲಗಿದಾಗ ತಲೆ ಹೃದಯದ ಮಟ್ಟಕ್ಕೆ ಇಳಿಯುವುದರಿಂದ ಅಲ್ಲಿನ ರಕ್ತದ ಒತ್ತಡ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಖರ್ಚಿಲ್ಲದ ಮೊದಲ ಉಪಾಯವೆಂದರೆ ಇನ್ನೊಂದು ದಿಂಬು!

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹಲ್ಲು ನೋಯುತ್ತದೆ ಎಂದರೆ ಸಾಕು. ಲವಂಗ, ಉಪ್ಪುನೀರು, ಪೇರಲ ಎಲೆ, ಬೆಳ್ಳುಳ್ಳಿ, ಎಕ್ಕದ ಹಾಲು, ತಂಬಾಕು ಎಂದು ಸಲಹೆಗಳು ಬರುತ್ತವೆ. ಇವೆಲ್ಲವನ್ನೂ ಹಿರಿಯರ ವಿಜ್ಞಾನವೆಂದು ಹೊಗಳುವುದು ಸುಲಭ, ಮೂಢನಂಬಿಕೆಯೆಂದು ತಳ್ಳಿಹಾಕುವುದೂ ಸುಲಭ. ಎರಡೂ ಪರೀಕ್ಷೆಯಿಲ್ಲದೆ ಕೊಟ್ಟ ತೀರ್ಪುಗಳೇ. ಒಂದೊಂದನ್ನೇ ನೋಡೋಣ.

ಲವಂಗ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದರ ಎಣ್ಣೆಯಲ್ಲಿ ಸುಮಾರು ಶೇ. 70ರಿಂದ 90ರಷ್ಟು ಯೂಜಿನಾಲ್ ಇದ್ದು, ಅದು ನರವನ್ನು ತಾತ್ಕಾಲಿಕವಾಗಿ ಮರಗಟ್ಟಿಸುತ್ತದೆ. ದಂತವೈದ್ಯರೂ ಯೂಜಿನಾಲನ್ನು ಸತುವಿನ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬಲು ಬಳಸುತ್ತಾರೆ. ಆದರೆ ಬರಿಯ ಎಣ್ಣೆ ಒಸಡನ್ನು ಸುಡಬಲ್ಲದು. ಚಿಕ್ಕ ಮಕ್ಕಳು ನುಂಗಿದರೆ ಅಪಾಯ. ಬೆಚ್ಚಗಿನ ಉಪ್ಪುನೀರು ಸಿಕ್ಕಿಕೊಂಡ ಆಹಾರವನ್ನು ತೆಗೆದು ಒಸಡಿಗೆ ಹಿತ ನೀಡುತ್ತದೆ. ಮುಚ್ಚಿದ ಮಜ್ಜೆಯವರೆಗೆ ತಲುಪುವುದಿಲ್ಲ. ಕೆನ್ನೆಯ ಹೊರಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟರೂ ಸ್ವಲ್ಪ ಆರಾಮ ಸಿಗುತ್ತದೆ.

ಉಳಿದವುಗಳಲ್ಲಿ ಕೆಲವು ಬಿಡಲೇಬೇಕಾದವು. ಹಸಿ ಬೆಳ್ಳುಳ್ಳಿಯನ್ನು ಬಹಳ ಹೊತ್ತು ಒತ್ತಿಟ್ಟರೆ ಒಸಡು ಸುಡುತ್ತದೆ. ಎಕ್ಕದ ಹಾಲು ಬಾಯಿಯ ಒಳಚರ್ಮವನ್ನು ಹುಣ್ಣು ಮಾಡುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಆಸ್ಪಿರಿನ್ ಮಾತ್ರೆಯನ್ನು ನೋಯುವ ಹಲ್ಲಿನ ಬುಡದಲ್ಲಿಟ್ಟರೆ ಅದರ ಆಮ್ಲ ಗಾಯ ಮಾಡುತ್ತದೆ. ತಂಬಾಕಂತೂ ನೋವಿನ ನೆಪದಲ್ಲಿ ಬಾಯಿಗೆ ಬಂದು ಚಟವಾಗಿ ಉಳಿಯುತ್ತದೆ. ಬಾಯಿಯ ಕ್ಯಾನ್ಸರಿಗೆ ಅದು ಮುಖ್ಯ ಕಾರಣ.

ಇನ್ನು "ಹಲ್ಲಾಗ ಹುಳ ಆಗ್ಯಾವ" ಎಂಬ ಮಾತು. ನೆಲಗುಳ್ಳದ ಬೀಜವನ್ನು ಕಾದ ಕಬ್ಬಿಣದ ಮೇಲೆ ಹಾಕಿ, ಹೊಗೆಯನ್ನು ಬಾಯಿಗೆ ಹಿಡಿಸಿ, ನೀರಿನಲ್ಲಿ ಬಿಳಿಯ 'ಹುಳ'ಗಳನ್ನು ತೋರಿಸುವ ಚಿಕಿತ್ಸೆ ನಿಮಗೆ ಗೊತ್ತಿರಬಹುದು. ಯುರೋಪಿನಲ್ಲೂ ಅದೇ ಬದನೆ ಕುಟುಂಬದ ಇನ್ನೊಂದು ಗಿಡದ ಬೀಜದಿಂದ ಇದೇ ಆಟ ನಡೆಯುತ್ತಿತ್ತು. ಈ ಕುಟುಂಬದ ಬೀಜಗಳೊಳಗಿನ ಭ್ರೂಣ ಬಾಗಿದ ಎಳೆಯಂತಿರುತ್ತದೆ. ಬೀಜ ಕಾದು ಸಿಡಿದಾಗ ಹೊರಬಿದ್ದರೆ ಹುಳುವಿನಂತೆಯೇ ಕಾಣುತ್ತದೆ. ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಶಾರ್ 1728ರಲ್ಲೇ ಹಲ್ಲಿನ ಹುಳದ ಕಲ್ಪನೆಯನ್ನು ಅಲ್ಲಗಳೆದಿದ್ದ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಬೆಲ್ಲ, ಹಿಟ್ಟಿನ ಅಂಶಗಳನ್ನು ಆಮ್ಲವಾಗಿಸಿ ಹಲ್ಲನ್ನು ಕರಗಿಸುತ್ತವೆ ಎಂಬ ವಿವರಣೆಯನ್ನು ಡಬ್ಲ್ಯು. ಡಿ. ಮಿಲ್ಲರ್ 1890ರಲ್ಲಿ ತಮ್ಮ ಗ್ರಂಥದಲ್ಲಿ ಮಂಡಿಸಿದರು.

ಹೀಗೆ ಬೇರೆಯವರನ್ನು ಟೀಕಿಸುವ ನಾನೂ ಒಮ್ಮೆ ಮೋಸಹೋದವನೇ. ಕಾಲೇಜಿನ ದಿನಗಳಲ್ಲಿ ದವಡೆ ಹಲ್ಲು ನೋಯುತ್ತಿದ್ದಾಗ ಅಜ್ಜಿ, "ಲವಂಗ ಕಚ್ಚಿ ಹಿಡಿ, ಕಡಿಮಿ ಅಕ್ಕೈತಿ" ಎಂದಳು. ನಾಲ್ಕು ದಿನದಲ್ಲಿ ನೋವು ಪೂರ್ತಿ ನಿಂತಿತು. ಲವಂಗ ಗೆದ್ದಿತೆಂದು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ. ಒಂದೂವರೆ ತಿಂಗಳಿಗೆ ಕೆನ್ನೆ ಊದಿ ಜ್ವರ ಬಂತು, ಹಲ್ಲು ಕೀಳಿಸಬೇಕಾಯಿತು. ಅಂದು ನೋವು ನಿಂತದ್ದು ಮಜ್ಜೆ ಸತ್ತು ನರ ಸುಮ್ಮನಾದದ್ದರಿಂದ. ಸೋಂಕು ಬೇರಿನ ತುದಿಯತ್ತ ಸದ್ದಿಲ್ಲದೆ ಇಳಿಯುತ್ತಿತ್ತು. ಅಜ್ಜಿ "ಕಡಿಮೆಯಾಗುತ್ತದೆ" ಎಂದಿದ್ದಳೇ ಹೊರತು "ಗುಣವಾಗುತ್ತದೆ" ಎಂದಿರಲಿಲ್ಲ. ಮದ್ದಿನ ನಂತರ ನೋವು ಹೋಯಿತು, ಆದ್ದರಿಂದ ಮದ್ದಿನಿಂದಲೇ ರೋಗ ಹೋಯಿತು ಎಂದು ತರ್ಕಿಸಿದವನು ಭೌತಶಾಸ್ತ್ರದ ವಿದ್ಯಾರ್ಥಿಯಾದ ನಾನು!

ಮನೆಮದ್ದುಗಳ ಬಗೆಗಿನ ನನ್ನ ಮುಖ್ಯ ಆಕ್ಷೇಪ ಇಷ್ಟೇ. ಲವಂಗ, ಉಪ್ಪುನೀರು ಒಂದು ರಾತ್ರಿ ಕಳೆಯಲು ಸಾಧನಗಳು. ನೋವು ನಿಂತರೂ ಹಲ್ಲನ್ನು ದಂತವೈದ್ಯರಿಗೆ ತೋರಿಸಲೇಬೇಕು. ಮುಖ ಅಥವಾ ದವಡೆಯ ಕೆಳಭಾಗ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಿನ ಬಸ್ಸಿಗೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಶಿಕ್ಷಕರಿಗೆ ಒಂದು ಸೂಚನೆ. ಹುಳದ ಚಿಕಿತ್ಸೆಯ ಮಾತು ತರಗತಿಯಲ್ಲಿ ಬಂದರೆ ನಗಬೇಡಿ. "ರೋಗಿಯೇ ಇಲ್ಲದೆ ಬೀಜವನ್ನಷ್ಟೇ ಕಾಯಿಸಿ ಹೊಗೆಯನ್ನು ನೀರಿಗೆ ಹಿಡಿದರೆ ಏನು ಕಾಣಬೇಕು?" ಎಂದು ಮಕ್ಕಳನ್ನು ಕೇಳಿ. ಆಗಲೂ ಹುಳ ಕಂಡರೆ ಅದು ಯಾರ ಹಲ್ಲಿನಿಂದ ಬಂತು? ಪರೀಕ್ಷೆಯ ಜೊತೆಗೆ ಹೋಲಿಕೆಯ ಪ್ರಯೋಗವೂ ಏಕೆ ಬೇಕೆಂಬುದನ್ನು ಮಕ್ಕಳೇ ಹೇಳುತ್ತಾರೆ.